ಔಟ್‌ಡೋರ್ ಯೂನಿಟ್ ಗುಂಯ್ ಅಂದು ನಿಂತುಬಿಡುತ್ತೆ, ಕಂಪ್ರೆಸರ್ ಹೋಗಿದೆ ಅಂತಾರೆ. ನಿಜಾನಾ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ನಮ್ಮ ಎಸಿ 1.5 ಟನ್‌ದು, ಇನ್ವರ್ಟರ್ ಅಲ್ಲ, ಹಳೇ ಥರದ ಸ್ಪ್ಲಿಟ್. 6 ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ 15 ದಿನದಿಂದ ತಣ್ಣಗಾಗುತ್ತಿಲ್ಲ. ಹೊರಗೆ ಹೋಗಿ ನಿಂತು ಕೇಳಿದೆ. ಔಟ್‌ಡೋರ್ ಫ್ಯಾನ್ ಚೆನ್ನಾಗಿಯೇ ತಿರುಗುತ್ತದೆ, ಅದರ ಜೊತೆಗೇ ಕಂಪ್ರೆಸರ್ ಗುಂಯ್ ಅಂತ ಭಾರವಾಗಿ ಶಬ್ದ ಮಾಡುತ್ತದೆ, ಒಂದು 6-7 ಸೆಕೆಂಡ್ ಆದ ಮೇಲೆ ಟಕ್ ಅಂದು ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಬಿದ್ದಿಲ್ಲ. ಮೆಕ್ಯಾನಿಕ್ ಬಂದು ಕೆಪಾಸಿಟರ್ (ಕಂಪ್ರೆಸರ್ ಮೋಟಾರ್ ಏಳಲು, ಓಡಲು ನೆರವಾಗುವ ಭಾಗ) ಬದಲಿಸಿದರು, ಸರಿಹೋಗಲಿಲ್ಲ. ವೋಲ್ಟೇಜ್ ನೋಡಿದರು, 228 ಬಂತು. ಹಾಗಾದರೆ ಕಂಪ್ರೆಸರ್ ಜಾಮ್ ಆಗಿದೆ, ಅದನ್ನು ಬದಲಿಸುವುದಕ್ಕಿಂತ ಹೊಸ ಎಸಿ ತಗೊಳ್ಳಿ ಅಂದು ಹೋದರು. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ವೈರಿನ ಸುತ್ತ ಹಾಕಿ ಆಂಪಿಯರ್ ನೋಡುವ ಒಂದು ಕ್ಲ್ಯಾಂಪ್ ಮೀಟರೂ ಇದೆ. ಮೀಟರ್ ಹಿಡಿಯಲು ಬರುತ್ತದೆ, ಆದರೆ ಎಸಿ ಒಳಗೆ ಯಾವತ್ತೂ ಕೈ ಹಾಕಿಲ್ಲ. ಕಂಪ್ರೆಸರ್ ಹೋಗಿದೆ ಅಂತ ಖಚಿತವಾಗುವ ತನಕ ನನಗೆ ಮನಸ್ಸು ಒಪ್ಪುತ್ತಿಲ್ಲ.

ತಂತಿಕೆಲಸ:
ನಿಮ್ಮ ಮನಸ್ಸು ಹೇಳುತ್ತಿರುವುದು ಸರಿ ಇದೆ ಸರ್. ಕಂಪ್ರೆಸರ್ ಹೋಗಿದೆ ಅನ್ನುವ ಮಾತನ್ನು ಕೊನೆಗೆ ಹೇಳಬೇಕು, ಮೊದಲೇ ಅಲ್ಲ. ನಾನು ಈ ಕೆಲಸ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ.

ಕವರ್ ಬಿಚ್ಚುವ ಮುಂಚೆ ಒಂದು ವಿಷಯ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಎಂಸಿಬಿ ಇಳಿಸಿ, ಮನೆಯಲ್ಲಿ ಯಾರೂ ಮೇಲೆತ್ತದ ಹಾಗೆ ಅದರ ಮೇಲೆ ಟೇಪ್ ಹಚ್ಚಿ. ಆಮೇಲೆ ಔಟ್‌ಡೋರ್ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು ಸೊನ್ನೆ ಇದೆಯಾ ನೋಡಿ. ಆ ಮೀಟರ್ ಕೆಲಸ ಮಾಡುತ್ತಿದೆ ಅಂತ ಮುಂಚೆ ಬೇರೆ ಪ್ಲಗ್‌ನಲ್ಲಿ ನೋಡಿಕೊಂಡಿರಬೇಕು. ಪವರ್ ತೆಗೆದರೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವವರು ಇದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ. 20 ಕಿಲೋಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ವೈರ್ ಬೆಸೆದುಕೊಂಡು ಎರಡು ಟರ್ಮಿನಲ್ ಮೇಲೆ ಕೆಲವು ಸೆಕೆಂಡ್ ಹಿಡಿಯಿರಿ, ಆಮೇಲೆ ಡಿಸಿ ವೋಲ್ಟೇಜ್ ನೋಡಿ. ಮೂರು ಟರ್ಮಿನಲ್ ಇರುವ ಕೆಪಾಸಿಟರ್ ಆದರೆ ಸಿ (ಕಾಮನ್) ಇಂದ ಹರ್ಮ್‌ಗೆ (ಕಂಪ್ರೆಸರ್ ಕಡೆಯ ಟರ್ಮಿನಲ್) ಒಂದು ಸಲ, ಸಿ ಇಂದ ಫ್ಯಾನ್‌ಗೆ ಇನ್ನೊಂದು ಸಲ.

ಇಷ್ಟು ಮಾಡಿ, ಹೊಸ ಕೆಪಾಸಿಟರ್‌ನ ಮೈಕ್ರೋಫ್ಯಾರಡ್ ಎಷ್ಟು ಬರುತ್ತದೆ, ಅದರ ಮೇಲೆ ಬರೆದಿರುವುದು ಎಷ್ಟು, ಎರಡೂ ಹೇಳಿ. ಹಳೆಯದು ಇದ್ದರೆ ಅದನ್ನೂ ನೋಡಿ.

ನೀಲಿಹೆಂಚು:
ನನಗೆ ಇದೇ ಥರ ಆಗಿತ್ತು, ಹೊಸ ಕೆಪಾಸಿಟರೇ ಕೆಟ್ಟಿತ್ತು! ಹೊಸದು ಅಂದ ಕೂಡಲೇ ನಂಬಬೇಡಿ. 45 ಅಂತ ಬರೆದಿತ್ತು, ಮೀಟರ್‌ನಲ್ಲಿ 31 ಬಂತು. ಅದು ಊದಿರಲೂ ಇಲ್ಲ, ಎಣ್ಣೆ ಸೋರಿರಲೂ ಇಲ್ಲ. ಕಣ್ಣಿಗೆ ಕಾಣಲಿಲ್ಲ ಅಂದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ತಂತಿಕೆಲಸ:
ನೀಲಿಹೆಂಚು ಹೇಳಿದ್ದು ನೂರಕ್ಕೆ ನೂರು ನಿಜ. ಕೆಪಾಸಿಟರ್ ಮೇಲೆ ಶೇಕಡಾ 5 ಅಂತಲೋ 6 ಅಂತಲೋ ಬರೆದಿರುತ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಬದಲಿಸಬೇಕು. ಎಸಿ ಓಡುತ್ತಿರುವಾಗಲೇ ನೋಡುವ ದಾರಿಯೂ ಇದೆ. ಹರ್ಮ್‌ಗೆ ಹೋಗುವ ವೈರಿನ ಆಂಪಿಯರ್ ಕ್ಲ್ಯಾಂಪ್‌ನಲ್ಲಿ ತಗೊಂಡು 3183 ರಿಂದ ಗುಣಿಸಿ, ಕೆಪಾಸಿಟರ್‌ನ ಎರಡು ತುದಿಯ ವೋಲ್ಟೇಜ್‌ನಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಬರುತ್ತದೆ. 4.6 ಆಂಪಿಯರ್, 330 ವೋಲ್ಟ್ ಇದ್ದರೆ 44.4. ಇದು 50 ಹರ್ಟ್ಸ್ ಇರುವ ಕಡೆಯ ಲೆಕ್ಕ, 60 ಹರ್ಟ್ಸ್ ಇದ್ದರೆ 3183 ಬದಲು 2653. ಅಲ್ಲಿ 330 ವೋಲ್ಟ್ ಹೇಗೆ ಬಂತು ಅಂತ ಗಾಬರಿ ಬೇಡ. ಓಡುವಾಗ ಕೆಪಾಸಿಟರ್ ಮೇಲೆ ಲೈನ್‌ಗಿಂತ ಜಾಸ್ತಿ ವೋಲ್ಟೇಜ್ ಇರುವುದು ಸಹಜ, ಅದಕ್ಕೇ ಅದರ ಮೇಲೆ 440 ಅಂತ ಬರೆದಿರುತ್ತಾರೆ. 440 ಇರುವ ಕಡೆ ಕಡಿಮೆ ವೋಲ್ಟಿನದು ಹಾಕಿದರೆ ಬೇಗ ಸಾಯುತ್ತದೆ.

ಸಂಜೆಗಾಳಿ:
ನೋಡಿದೆ ಸರ್. ಹೊಸದು 45 ಅಂತ ಬರೆದಿದೆ, ಮೀಟರ್‌ನಲ್ಲಿ 44.1. ಹಳೆಯದು 43.8. ಅಂದರೆ ಹಳೆಯದೂ ಚೆನ್ನಾಗಿಯೇ ಇತ್ತು ಅಲ್ವಾ? ಸುಮ್ನೆ ಬದಲಿಸಿದ್ದಾರೆ.

ತಂತಿಕೆಲಸ:
ಹೌದು, ಚೆನ್ನಾಗಿಯೇ ಇತ್ತು. ಇಟ್ಟುಕೊಳ್ಳಿ, ಎಸೆಯಬೇಡಿ.

ಈಗ ವೈಂಡಿಂಗ್, ಅಂದರೆ ಮೋಟಾರಿನ ಒಳಗಿನ ತಂತಿ ಸುತ್ತು. ಕಂಪ್ರೆಸರ್ ತಲೆಯ ಮೇಲಿನ ಚಿಕ್ಕ ಮುಚ್ಚಳ ತೆಗೆದರೆ ಮೂರು ಪಿನ್ ಇರುತ್ತವೆ, ಸಿ (ಕಾಮನ್), ಆರ್ (ರನ್), ಎಸ್ (ಸ್ಟಾರ್ಟ್). ಪವರ್ ತೆಗೆದಿರಬೇಕು, ವೈರ್ ಬಿಚ್ಚುವ ಮುಂಚೆ ಒಂದು ಫೋಟೋ ಹೊಡೆದುಕೊಳ್ಳಿ. ಪಿನ್ನನ್ನು ಜೋರಾಗಿ ಎಳೆದಾಡಬೇಡಿ, ಆ ಗಾಜಿನ ಸೀಲ್ ಒಡೆದರೆ ಗ್ಯಾಸ್ ಹೊರಗೆ ಬರುತ್ತದೆ. ಸಿ-ಆರ್ ಎಲ್ಲಕ್ಕಿಂತ ಕಡಿಮೆ ಓಮ್ ಇರಬೇಕು, ಸಿ-ಎಸ್ ಅದಕ್ಕಿಂತ ಜಾಸ್ತಿ, ಆರ್-ಎಸ್ ಆ ಎರಡರ ಮೊತ್ತ. ಮೂರು ಪಿನ್‌ಗಳಲ್ಲಿ ಯಾವುದರಿಂದಲೂ ತಾಮ್ರದ ಪೈಪಿಗೆ ಓಮ್ ಬರಬಾರದು. ಸಣ್ಣ ಸಂಖ್ಯೆ ಆದ್ದರಿಂದ ಮೊದಲು ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ, ಬಂದದ್ದನ್ನು ಕಳೆಯಿರಿ.

ಕಂಪ್ರೆಸರ್ ಬಿಸಿ ಇದ್ದಾಗ ಇದನ್ನು ಮಾಡಲೇಬೇಡಿ. ಕೆಲವು ಕಂಪ್ರೆಸರ್‌ಗಳಲ್ಲಿ ಓವರ್‌ಲೋಡ್ ಸ್ವಿಚ್ ಒಳಗೇ ಇರುತ್ತದೆ. ಬಿಸಿಯಾಗಿ ಅದು ತೆರೆದುಕೊಂಡಿದ್ದರೆ ಸಿ ಇಂದ ಎರಡೂ ಕಡೆ ಓಪನ್ ತೋರಿಸುತ್ತದೆ, ಆರ್-ಎಸ್ ಮಾತ್ರ ಸರಿ ಬರುತ್ತದೆ. ವೈಂಡಿಂಗ್ ಸುಟ್ಟಿದೆ ಅಂತ ಚೆನ್ನಾಗಿರುವ ಕಂಪ್ರೆಸರನ್ನು ಬಿಚ್ಚಿ ಗುಜರಿಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ನೋಡಿ ಹೊಟ್ಟೆ ಉರಿಯಿತು. ಕೆಲವು ಗಂಟೆ ತಣ್ಣಗಾಗಲು ಬಿಡಿ, ಕೈ ಇಟ್ಟರೆ ಗಾಳಿಯಷ್ಟೇ ತಣ್ಣಗಿರಬೇಕು.

ಸಂಜೆಗಾಳಿ:
ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದೆ. ಸಿ-ಆರ್ 1.6, ಸಿ-ಎಸ್ 2.9, ಆರ್-ಎಸ್ 4.5. ಪೈಪಿಗೆ ಮೂರರಿಂದಲೂ ಏನೂ ಬರುತ್ತಿಲ್ಲ. ಲೆಕ್ಕ ಕರೆಕ್ಟಾಗಿ ಕೂಡಿತು!

ಎರಡನೇಮಹಡಿ:
ವೈಂಡಿಂಗ್ ಸರಿ, ಕೆಪಾಸಿಟರ್ ಸರಿ, ಆದರೂ ಎದ್ದೇಳುತ್ತಿಲ್ಲ ಅಂದರೆ ಹಾರ್ಡ್ ಸ್ಟಾರ್ಟ್ ಕಿಟ್ (ಏಳುವಾಗ ಕಂಪ್ರೆಸರ್‌ಗೆ ಹೆಚ್ಚು ಬಲ ಕೊಡುವ ಭಾಗ) ಹಾಕಿ ನೋಡಿ. ನಮ್ಮಲ್ಲಿ ಹಾಕಿದ ದಿನದಿಂದ ಎದ್ದು ಓಡುತ್ತಿದೆ.

ಹಳೇಮೀಟರ್:
ದಯವಿಟ್ಟು ಇನ್ನೂ ಹಾಕಬೇಡಿ. ಕಿಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ವಯಸ್ಸಾದ ಕಂಪ್ರೆಸರ್‌ಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕಾರಣ ಗೊತ್ತಾಗುವ ಮುಂಚೆ ಹಾಕಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿ ಆಗುವುದಿಲ್ಲ.

ಈ ಇಡೀ ಚರ್ಚೆಯಲ್ಲಿ ಒಂದು ಸಂಖ್ಯೆ ಇನ್ನೂ ಬಂದಿಲ್ಲ. 228 ವೋಲ್ಟ್ ಅಂದಿರಿ, ಅದನ್ನು ಯಾವಾಗ ನೋಡಿದ್ದು? ಕಂಪ್ರೆಸರ್ ಸುಮ್ಮನಿದ್ದಾಗ ನೋಡಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಲೋಡ್ ಇಲ್ಲದಾಗ ಕೂದಲೆಳೆಯಷ್ಟು ತಂತಿ ತಾಗಿಕೊಂಡಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಫ್ಯಾನ್‌ಗೆ ಅರ್ಧ ಆಂಪಿಯರ್ ಸಾಕು, ಅದಕ್ಕೇ ಅದು ತಿರುಗುತ್ತದೆ. ಕಂಪ್ರೆಸರ್ ಏಳುವಾಗ ಓಡುವ ಕರೆಂಟಿನ 5-6 ಪಟ್ಟು ಕೇಳುತ್ತದೆ. ಗುಂಯ್ ಅನ್ನುವ ಆ 6-7 ಸೆಕೆಂಡಿನಲ್ಲಿ, ಔಟ್‌ಡೋರ್ ಟರ್ಮಿನಲ್‌ನಲ್ಲಿ, ಫೇಸ್-ನ್ಯೂಟ್ರಲ್ ಎಷ್ಟು ಬರುತ್ತದೆ? ಅದು ಬೇಕು. ಪಕ್ಕದಲ್ಲಿ ಕ್ಲ್ಯಾಂಪ್ ಹಾಕಿ ಆಂಪಿಯರ್ ಕೂಡ ತಗೊಳ್ಳಿ.

ಇದು ಪವರ್ ಇರುವಾಗ ನೋಡುವ ಕೆಲಸ. ಪವರ್ ತೆಗೆದು ಮೀಟರ್‌ನ ಕ್ಲಿಪ್‌ಗಳನ್ನು ಮೊದಲೇ ಟರ್ಮಿನಲ್‌ಗೆ ಕಚ್ಚಿಸಿ, ದೂರ ನಿಂತು, ಆಮೇಲೆ ಎಂಸಿಬಿ ಎತ್ತಿಸಿ. ಕಾಲಿನ ಕೆಳಗೆ ಒಣಗಿರಬೇಕು, ಒಬ್ಬರೇ ಇರಬಾರದು. ಕೈ ನಡುಗುತ್ತದೆ ಅನ್ನಿಸಿದರೆ ಬೇಡ, ಇದೇ ಪ್ರಶ್ನೆಯನ್ನು ಮೆಕ್ಯಾನಿಕ್‌ಗೆ ಕೇಳಿ, ಅವರ ಕೈಯಲ್ಲೇ ಮಾಡಿಸಿ.

ಸಂಜೆಗಾಳಿ:
ತಮ್ಮನನ್ನು ಎಂಸಿಬಿ ಹತ್ತಿರ ನಿಲ್ಲಿಸಿ ಮಾಡಿದೆ. ಸುಮ್ಮನಿದ್ದಾಗ 228. ಗುಂಯ್ ಅಂದ ಕೂಡಲೇ 165! ಟಕ್ ಅಂದ ಮೇಲೆ ಮತ್ತೆ 228. ಕ್ಲ್ಯಾಂಪ್‌ನಲ್ಲಿ 30 ಆಂಪಿಯರ್. ಮೂರು ಸಲ ನೋಡಿದೆ, ಪ್ರತಿ ಸಲ ನಡುವೆ 10 ನಿಮಿಷ ಬಿಟ್ಟೆ. ಮೂರೂ ಸಲ ಅಷ್ಟೇ.

ಹಳೇಮೀಟರ್:
ಸಿಕ್ಕಿತು ನೋಡಿ. ಮೋಟಾರ್ ಎಳೆಯುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದ ಕಡೆ 165 ಬಂದರೆ ಬಲ ಅರ್ಧಕ್ಕೆ ಬಂತು. ಅಷ್ಟರಲ್ಲಿ ಅದು ಏಳುವುದಿಲ್ಲ, ಬಿಸಿಯಾಗುತ್ತದೆ, ಓವರ್‌ಲೋಡ್ ಸ್ವಿಚ್ ಟಕ್ ಅಂತ ಬಿಡಿಸುತ್ತದೆ. 30 ಆಂಪಿಯರ್ ಬಂದರೂ ಎಂಸಿಬಿ ಯಾಕೆ ಬೀಳಲಿಲ್ಲ ಅಂದರೆ, 20 ಆಂಪಿಯರ್‌ನ ಸಿ ಕರ್ವ್ ಎಂಸಿಬಿಗೆ ಕೆಲವು ಸೆಕೆಂಡಿನ 30 ಆಂಪಿಯರ್ ದೊಡ್ಡದಲ್ಲ. ತಕ್ಷಣ ಬೀಳಬೇಕಾದರೆ ಅದರ 20 ಆಂಪಿಯರ್‌ನ 5 ರಿಂದ 10 ಪಟ್ಟು ಬೇಕು.

ಈಗ ಈ 63 ವೋಲ್ಟ್ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕಬೇಕು. ಇದೇ ಪರೀಕ್ಷೆಯನ್ನು ಎಂಸಿಬಿ ಹತ್ತಿರ ಮಾಡಿ, ಆಮೇಲೆ ಇಂಡೋರ್ ಯೂನಿಟ್‌ನ ಟರ್ಮಿನಲ್‌ನಲ್ಲಿ. ಔಟ್‌ಡೋರ್‌ನಲ್ಲಿ ಇನ್ನೂ ಎರಡು ಸಂಖ್ಯೆ ಬೇಕು, ಗುಂಯ್ ಅನ್ನುವಾಗ ಫೇಸ್-ಅರ್ಥ್ ಎಷ್ಟು, ನ್ಯೂಟ್ರಲ್-ಅರ್ಥ್ ಎಷ್ಟು.

ಸಂಜೆಗಾಳಿ:
ಎಂಸಿಬಿ ಹತ್ತಿರ 221. ಇಂಡೋರ್ ಟರ್ಮಿನಲ್‌ನಲ್ಲಿ 217. ಔಟ್‌ಡೋರ್‌ನಲ್ಲಿ ಅದೇ 165. ಫೇಸ್-ಅರ್ಥ್ 214, ನ್ಯೂಟ್ರಲ್-ಅರ್ಥ್ 49.

ಹಳೇಮೀಟರ್:
ನ್ಯೂಟ್ರಲ್. ಇಂಡೋರ್‌ನಿಂದ ಔಟ್‌ಡೋರ್‌ಗೆ ಹೋಗುವ ದಾರಿಯಲ್ಲಿ. ಫೇಸ್ 214 ಇಟ್ಟುಕೊಂಡಿದೆ, ನ್ಯೂಟ್ರಲ್ ಅರ್ಥ್‌ಗೆ ಹತ್ತಿರ ಇರಬೇಕಾದದ್ದು 49 ಕ್ಕೆ ಎದ್ದಿದೆ. ಅದು ಪೂರ್ತಿ ಕಿತ್ತುಹೋದರೆ ಔಟ್‌ಡೋರ್ ಕಡೆಯ ನ್ಯೂಟ್ರಲ್ ತುದಿಗೂ ಫೇಸಿನಷ್ಟೇ ವೋಲ್ಟೇಜ್ ಬರುತ್ತದೆ, ಟೆಸ್ಟರ್ ಎರಡರಲ್ಲೂ ಉರಿಯುತ್ತದೆ. ಆದ್ದರಿಂದ ಆ ವೈರನ್ನು ನ್ಯೂಟ್ರಲ್ ಅಂತ ಮುಟ್ಟಬೇಡಿ.

ನೀವು ಎಸಿ ಹಾಕಿಸಿದಾಗ ಇಂಡೋರ್-ಔಟ್‌ಡೋರ್ ನಡುವಿನ ವೈರ್ ಒಂದೇ ತುಂಡಾ, ಅಥವಾ ಸಾಲದೆ ಜೋಡಿಸಿದ್ದರಾ? ಇಂಡೋರ್‌ನಿಂದ ಔಟ್‌ಡೋರ್‌ಗೆ 52 ವೋಲ್ಟ್ ಹೋಗುತ್ತಿದೆ, 30 ಆಂಪಿಯರ್‌ಗೆ. ಅಂದರೆ 1.7 ಓಮ್ ಚಿಲ್ಲರೆ. ಚೆನ್ನಾಗಿರುವ 2.5 ಚದರ ಮಿಲಿಮೀಟರ್ ತಾಮ್ರ 5 ಮೀಟರ್ ಹೋಗಿ 5 ಮೀಟರ್ ಬಂದರೂ 0.07 ಓಮ್ ಆಸುಪಾಸು. ಇದು ವೈರಿನ ತೊಂದರೆ ಅಲ್ಲ, ಜಾಯಿಂಟ್ ತೊಂದರೆ. ಎಸಿ ಆಫ್ ಮಾಡಿಯೇ ಇಡಿ. ಗುಂಯ್ ಅನ್ನುವಾಗ ಆ ಒಂದು ಜಾಗದಲ್ಲಿ 1500 ವ್ಯಾಟ್ ಶಾಖ ಹುಟ್ಟುತ್ತಿದೆ, ಇಸ್ತ್ರಿಪೆಟ್ಟಿಗೆಗಿಂತ ಜಾಸ್ತಿ. ಇದು ಬೆಂಕಿಯ ವಿಷಯ.

ಸಂಜೆಗಾಳಿ:
ಒಂದೇ ತುಂಡಾ ಅಂತ ಗೊತ್ತಿಲ್ಲ, ಪೈಪಿನ ಜೊತೆ ಸೇರಿಸಿ ಬಿಳಿ ಟೇಪ್ ಸುತ್ತಿದ್ದಾರೆ. ಬಿಚ್ಚಿ ನೋಡುತ್ತೇನೆ. ಎಂಸಿಬಿ ಇಳಿಸಿದ್ದೇನೆ.

ಇರುವೆಗೂಡು:
ಅವರು ಬಿಚ್ಚುವ ತನಕ ನನ್ನ ಅನುಭವ ಹೇಳುತ್ತೇನೆ. ನಮ್ಮದು ಡಕ್ಟ್ ಇರುವ ದೊಡ್ಡ ಎಸಿ, ಔಟ್‌ಡೋರ್‌ನಲ್ಲಿ 24 ವೋಲ್ಟ್ ಕಾಯಿಲ್‌ನ ಕಾಂಟ್ಯಾಕ್ಟರ್ (ಕಾಯಿಲ್ ಎಳೆದಾಗ ಪವರ್ ಜೋಡಿಸುವ ಸ್ವಿಚ್) ಇದೆ. ಅದರ ಎರಡು ಕಾಂಟ್ಯಾಕ್ಟ್ ನಡುವೆ ಇರುವೆಗಳು ಸೇರಿ ಸುಟ್ಟು ಕರಿ ಪುಡಿಯಾಗಿದ್ದವು. ಕಾಯಿಲ್ ಎಳೆಯುತ್ತಿತ್ತು, ಆದರೆ ಕಾಂಟ್ಯಾಕ್ಟ್ ಸರಿಯಾಗಿ ಕೂರುತ್ತಿರಲಿಲ್ಲ. ಕಾಂಟ್ಯಾಕ್ಟರ್ ಎಳೆದುಕೊಂಡಿರುವಾಗ ಒಂದೇ ಪೋಲ್‌ನ ಮೇಲಿನಿಂದ ಕೆಳಕ್ಕೆ ವೋಲ್ಟೇಜ್ ನೋಡಿದರೆ ಸೊನ್ನೆಗೆ ಹತ್ತಿರ ಬರಬೇಕು. ನನಗೆ 11 ಬಂತು. ಉಪ್ಪುಕಾಗದದಲ್ಲಿ ಉಜ್ಜಬೇಡಿ, ಬದಲಿಸಿ. ಮೇಲಿನ ಬೆಳ್ಳಿಯ ಪದರ ಹೋದರೆ ಇನ್ನೂ ಬೇಗ ಸುಡುತ್ತದೆ.

ಮಳೆಹನಿ:
ನನ್ನದು ಬೇರೆ ಥರ, ಇಲ್ಲೇ ಕೇಳಬಹುದಾ? ಮಳೆ ಬಂದ ಮಾರನೇ ದಿನ ಎಸಿ ಹಾಕಿದರೆ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ಬೀಳುವ ಸ್ವಿಚ್) ಬೀಳುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಸರಿಹೋಗುತ್ತದೆ.

ತಂತಿಕೆಲಸ:
ನೀರು ಎಲ್ಲೋ ಕೂರುತ್ತಿದೆ ಮೇಡಂ. ಆರ್‌ಸಿಸಿಬಿಯನ್ನು ಯಾರಾದರೂ ತೆಗೆದುಬಿಡೋಣ ಅಂದರೆ ಒಪ್ಪಬೇಡಿ, ಅದು ನಿಮ್ಮ ಜೀವ ಕಾಯುತ್ತಿದೆ. ಪವರ್ ತೆಗೆದು ಔಟ್‌ಡೋರ್‌ನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿ, ತುದಿ ಮುಚ್ಚಿ, ಆಮೇಲೆ ಎತ್ತಿಸಿ. ನಿಂತರೆ ತೊಂದರೆ ಔಟ್‌ಡೋರ್ ಒಳಗೆ, ಬಿದ್ದರೆ ಹೊರಗಿನ ವೈರಿಂಗ್‌ನಲ್ಲಿ. ಫೇಸ್ ಒಂದನ್ನೇ ಬಿಚ್ಚಿದರೆ ಸಾಲದು, ನ್ಯೂಟ್ರಲ್ ಅರ್ಥ್‌ಗೆ ತಾಗಿದರೂ ಆರ್‌ಸಿಸಿಬಿ ಬೀಳುತ್ತದೆ. ಒಳಗೆ ಅಂತ ಗೊತ್ತಾದ ಮೇಲೆ ಫ್ಯಾನ್ ಮೋಟಾರ್, ಕಂಪ್ರೆಸರ್ ಒಂದೊಂದಾಗಿ ಬಿಚ್ಚಿ ನೋಡಬೇಕು. ಮಾಮೂಲಿ ಮೀಟರ್‌ನ ಓಮ್‌ನಲ್ಲಿ ಇದು ಕಾಣದೇ ಇರಬಹುದು, 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ನೋಡುವ ಮೀಟರ್) ಬೇಕು, ಅದೂ ಒದ್ದೆ ಇರುವ ದಿನವೇ. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದ್ದರೆ ಅದನ್ನು ಬಿಚ್ಚದೆ ಮೆಗ್ಗರ್ ತಿರುಗಿಸಬಾರದು. ವೈರ್ ಒಳಗೆ ಹೋಗುವ ಜಾಗ ನೋಡಿ, ವೈರ್ ಮೇಲಿಂದ ಇಳಿದು ನೇರ ಒಳಗೆ ಹೋಗಿದ್ದರೆ ನೀರೂ ಅದರ ಜೊತೆ ಇಳಿಯುತ್ತದೆ. ಒಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಳುಕು ಬಿಟ್ಟಿರಬೇಕು.

ತಿಳಿಬೆಳಕು:
ನಮ್ಮದು ಇನ್ವರ್ಟರ್. ಇಲ್ಲಿ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತಾ?

ತಂತಿಕೆಲಸ:
ಜಾಯಿಂಟ್ ವಿಷಯ ಅನ್ವಯಿಸುತ್ತದೆ, ಉಳಿದದ್ದು ಕಡಿಮೆ. ಅದರಲ್ಲಿ ರನ್ ಕೆಪಾಸಿಟರ್ ಇಲ್ಲ. ಕಂಪ್ರೆಸರ್ ಪಿನ್ ಯು, ವಿ, ಡಬ್ಲ್ಯೂ, ಮೂರು ಜೋಡಿಯಲ್ಲೂ ಒಂದೇ ಓಮ್ ಬರಬೇಕು. ಬೋರ್ಡ್ ಮೇಲೆ ದಪ್ಪ ಕೆಪಾಸಿಟರ್‌ಗಳು ಇರುತ್ತವೆ, 230 ಎಸಿ ಲೈನ್ ಅಲ್ಲಿ 325 ವೋಲ್ಟ್ ಡಿಸಿ ಆಗಿರುತ್ತದೆ. ಪವರ್ ತೆಗೆದು ಸುಮಾರು ಹೊತ್ತು ಕಾದು, ಮೀಟರ್‌ನಲ್ಲಿ ನೋಡಿ ಖಾತ್ರಿಯಾಗದೆ ಆ ಬೋರ್ಡ್ ಮುಟ್ಟಬಾರದು. ಕಮ್ಯುನಿಕೇಷನ್ ಎರರ್ ತೋರಿಸಿದರೆ ಬೋರ್ಡ್ ಬದಲಿಸುವ ಮುಂಚೆ ಇಂಡೋರ್-ಔಟ್‌ಡೋರ್ ನಡುವಿನ ಸಿಗ್ನಲ್ ವೈರ್ ನೋಡಿ. ಅದರಲ್ಲೂ ಕೈಯಲ್ಲಿ ತಿರುವಿದ ಜಾಯಿಂಟ್ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಸಂಜೆಗಾಳಿ:
ಸಿಕ್ಕಿತು! ಟೇಪ್ ಬಿಚ್ಚುತ್ತಾ ಬಂದೆ, ಔಟ್‌ಡೋರ್‌ನಿಂದ ಒಂದು ಮೊಳ ಮೇಲೆ ವೈರ್ ದಪ್ಪಗಿತ್ತು. ಅಲ್ಲಿ ಕಪ್ಪು ಟೇಪ್ ಕರಗಿ ತಣ್ಣನೆಯ ಪೈಪಿನ ಸ್ಪಂಜಿಗೆ ಅಂಟಿಕೊಂಡಿದೆ, ಸ್ಪಂಜ್ ಅಷ್ಟಗಲ ಸುಟ್ಟು ಗಟ್ಟಿಯಾಗಿದೆ. ಬ್ಲೇಡಿನಲ್ಲಿ ಮೆಲ್ಲಗೆ ಬಿಡಿಸಿದೆ. ಮೂರು ವೈರ್ ಕೈಯಲ್ಲಿ ತಿರುವಿ ಬರೀ ಟೇಪ್ ಸುತ್ತಿದ್ದಾರೆ. ಫೇಸ್ ಜಾಯಿಂಟ್ ಕಂದು ಬಣ್ಣಕ್ಕೆ ತಿರುಗಿದೆ. ನ್ಯೂಟ್ರಲ್ ಮುಟ್ಟಿದ ಕೂಡಲೇ ಎಳೆಗಳು ಪುಡಿಪುಡಿಯಾಗಿ ಬೆರಳಿಗೆ ಹತ್ತಿದವು, ಹಸಿರು ಕಿಲುಬು, ಒಳಗೆ ಕಪ್ಪು. ಎಣಿಸಿದರೆ 5-6 ಎಳೆ ಮಾತ್ರ ಹಿಡಿದುಕೊಂಡಿದ್ದವು. ಪಕ್ಕದ ಪೈಪಿನಿಂದ ನೀರು ಬೆವರಿ ಅಲ್ಲೇ ಇಳಿಯುತ್ತಿತ್ತು ಅಂತ ಕಾಣುತ್ತದೆ. ಸುಟ್ಟ ವಾಸನೆ ಇನ್ನೂ ಕೈಯಲ್ಲಿದೆ. ಮಕ್ಕಳು ಮಲಗುವ ಕೋಣೆಯ ಗೋಡೆಯ ಆಚೆ ಬದಿ ಇದು, ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಹಳೇಮೀಟರ್:
ನೋಡಿದ್ದು ಒಳ್ಳೆಯದಾಯಿತು. ಮತ್ತೆ ಅಲ್ಲಿ ಜಾಯಿಂಟ್ ಮಾಡಬೇಡಿ. ಇಂಡೋರ್ ಟರ್ಮಿನಲ್‌ನಿಂದ ಔಟ್‌ಡೋರ್ ಟರ್ಮಿನಲ್ ತನಕ ಒಂದೇ ತುಂಡು ಹೊಸ ತಾಮ್ರದ ಕೇಬಲ್ ಎಳೆಸಿ, ಹೊರಗಿನ ಬಿಸಿಲು ತಡೆಯುವ ಹೊದಿಕೆ ಇರುವುದು. ದಪ್ಪ ಎಷ್ಟು ಬೇಕು ಅಂತ ಎಸಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ಅದಕ್ಕಿಂತ ಕಡಿಮೆ ಹಾಕಬೇಡಿ. ತುದಿಗೆ ಸರಿಯಾದ ಅಳತೆಯ ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಬೇಕು, ಅಂದರೆ ಒತ್ತಿ ಬಿಗಿಯಬೇಕು. ಎಳೆಗಳಿಗೆ ಸೀಸ ಬೆಸೆದು ಸ್ಕ್ರೂ ಕೆಳಗೆ ಇಡುವ ಅಭ್ಯಾಸ ಕೆಲವರಿಗಿದೆ, ಅದು ತಪ್ಪು. ಸೀಸ ಮೆತ್ತಗೆ, ಒತ್ತಡಕ್ಕೆ ನಿಧಾನವಾಗಿ ಹರಡಿ ಸ್ಕ್ರೂ ಸಡಿಲವಾಗುತ್ತದೆ. ಔಟ್‌ಡೋರ್ ಟರ್ಮಿನಲ್ ಬ್ಲಾಕ್‌ನ ನ್ಯೂಟ್ರಲ್ ಸ್ಕ್ರೂ ಕೂಡ ನೋಡಿ, ಪ್ಲಾಸ್ಟಿಕ್ ಹಳದಿಯಾಗಿದ್ದರೆ ಬ್ಲಾಕ್ ಬದಲಿಸಿ.

ನೀಲಿಹೆಂಚು:
ಔಟ್‌ಡೋರ್‌ಗೆ ಪವರ್ ಕೊಡುವ ಸ್ವಿಚ್, ಅಂದರೆ ಇಂಡೋರ್ ಬೋರ್ಡಿನ ರಿಲೇಯನ್ನೂ ನೋಡಿಸಿ. ಇಷ್ಟು ದಿನ 30 ಆಂಪಿಯರ್ ಮೇಲಿಂದ ಮೇಲೆ ಅದರ ಮೂಲಕ ಹೋಗಿದೆ, ಪಾಪ.

ಸಂಜೆಗಾಳಿ:
ಇವತ್ತು ಎಲೆಕ್ಟ್ರಿಷಿಯನ್ ಬಂದು ಹೊಸ ಕೇಬಲ್ ಎಳೆದರು, ಒಂದೇ ತುಂಡು. ಟರ್ಮಿನಲ್ ಬ್ಲಾಕ್ ಚೆನ್ನಾಗಿತ್ತು, ಸ್ಕ್ರೂ ಕಾಲು ಸುತ್ತು ಬಿಗಿಯಾಯಿತು ಅಷ್ಟೆ. ರಿಲೇಯ ಎರಡು ಕಾಲಿನ ನಡುವೆ ವೋಲ್ಟೇಜ್ ನೋಡಿದೆವು, ಓಡುವಾಗ 0.1 ಕೂಡ ಇಲ್ಲ. ಎಂಸಿಬಿ ಎತ್ತಿದ ಮೇಲೆ ಕಂಪ್ರೆಸರ್ ಶುರುವಾಗಲು ಮೂರು ನಿಮಿಷ ಕಾಯಬೇಕಿತ್ತಲ್ಲ, ಆ ಮೂರು ನಿಮಿಷ ಬಹಳ ಉದ್ದ ಅನ್ನಿಸಿತು. ಆಮೇಲೆ ಕಂಪ್ರೆಸರ್ ಒಂದೇ ಏಟಿಗೆ ಎದ್ದಿತು! ಗುಂಯ್ ಅನ್ನುವ ಶಬ್ದವೇ ಇಲ್ಲ. ಔಟ್‌ಡೋರ್ ಟರ್ಮಿನಲ್‌ನಲ್ಲಿ ಏಳುವಾಗ ಕ್ಷಣಕಾಲ 214 ಕ್ಕೆ ಇಳಿದು ಮೇಲೆ ಬಂತು, ಓಡುವಾಗ 225, 6.8 ಆಂಪಿಯರ್. ನ್ಯೂಟ್ರಲ್-ಅರ್ಥ್ 1 ವೋಲ್ಟ್. ಎರಡು ಗಂಟೆ ಆಯಿತು, ಕೋಣೆ ತಣ್ಣಗಿದೆ. ತಂತಿಕೆಲಸ ಸರ್, ಹಳೇಮೀಟರ್ ಸರ್, ನಿಮ್ಮಿಬ್ಬರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಒಂದು ಪ್ರಶ್ನೆ ಉಳಿದಿದೆ, ಇಷ್ಟು ದಿನ ಹೀಗೆ ಒದ್ದಾಡಿದ್ದಕ್ಕೆ ಕಂಪ್ರೆಸರ್‌ಗೆ ಪೆಟ್ಟು ಬಿದ್ದಿರುತ್ತದಾ?

ತಂತಿಕೆಲಸ:
ಸ್ವಲ್ಪ ಬಿದ್ದಿರಬಹುದು, ಪ್ರತಿ ಸಲ ವೈಂಡಿಂಗ್ ಬಿಸಿಯಾಗಿದೆ. ಆದರೆ ಓವರ್‌ಲೋಡ್ ಸ್ವಿಚ್ ತನ್ನ ಕೆಲಸ ಮಾಡಿದೆ, ನಿಮ್ಮ ಓಮ್ ಲೆಕ್ಕ ಸರಿಯಾಗಿದೆ, 6.8 ಆಂಪಿಯರ್ ಸರಿಯಾಗಿದೆ. ಈ 6.8 ಮತ್ತು 225 ಅನ್ನು ಇವತ್ತಿನ ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಔಟ್‌ಡೋರ್ ಕವರಿನ ಒಳಬದಿಗೆ ಅಂಟಿಸಿ. ಮುಂದಿನ ವರ್ಷ ಸರ್ವಿಸ್ ಮಾಡಿಸುವಾಗ ಅದೇ ಜಾಗದಲ್ಲಿ ಮತ್ತೆ ನೋಡಿಸಿ.